ಗುರುವಾರದ ಹೊಸ ವಿಚಾರ

ನಾನು ಮದುವೆಯಾಗಿ ಸೇಡಂಗೆ ಬಂದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ನಮ್ಮ ಮನೆಯವರು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಮದುವೆಯ ಮರುವರ್ಷದ ಬೇಸಿಗೆಯಲ್ಲಿ ಇಲಾಖೆಯವರು ಅವರನ್ನು ತರಬೇತಿಗೆಂದು ಕಲಬುರ್ಗಿಗೆ ಕಳಿಸಿದರು. ಹೋಗುವಾಗ ಒಂದು ಹಾಸಿಗೆ ಸುರುಳಿ, ಒಂದು ತಾಮ್ರದ ತಂಬಿಗೆ ಒಯ್ದಿದ್ದರು. ಬರುವಾಗ ತಂಬಿಗೆಯನ್ನು ರೈಲಿನಲ್ಲಿ ಮರೆತು ಬಂದರು. ಅದರ ಬದಲು ಒಂದು ತತ್ವವನ್ನು ತಂದಿದ್ದರು.

ತರಬೇತಿಯಲ್ಲಿ ಯಾರೋ ಒಬ್ಬರು ಉಪನ್ಯಾಸ ಕೊಟ್ಟಿದ್ದರಂತೆ. ಮನುಷ್ಯನಿಗೆ ಬರುವ ಯಾವ ತೊಂದರೆಯೂ ಬಗೆಹರಿಯದ್ದಲ್ಲ, ಅದಕ್ಕೆ ತಕ್ಕ ವಿಚಾರ ಇನ್ನೂ ಯಾರ ತಲೆಯಲ್ಲೂ ಹುಟ್ಟಿಲ್ಲ ಅಷ್ಟೇ ಎಂಬುದು ಅದರ ಸಾರ. ಕೇಳಿದ ಬೇರೆ ಮಾಸ್ತರರು ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದು ಹೋಗಿದ್ದಾರೆ. ನಮ್ಮವರು ಮಾತ್ರ ಅದನ್ನು ನಂಬಿಬಿಟ್ಟರು. ಮನೆಗೆ ಬಂದು ಕಾಲು ತೊಳೆದುಕೊಳ್ಳುವ ಮೊದಲೇ ಅಂಗಳದಲ್ಲಿ ನಿಂತು ನನಗೆ ಅಷ್ಟನ್ನೂ ವಿವರಿಸಿದರು. ತಂಬಿಗೆ ಎಲ್ಲಿ ಎಂದು ನಾನು ಕೇಳಿದೆ. ಅದೂ ಒಂದು ಸಮಸ್ಯೆಯೇ, ಅದಕ್ಕೂ ಒಂದು ಪರಿಹಾರ ಇದ್ದೇ ಇರುತ್ತದೆ ಎಂದರು. ಆ ತಂಬಿಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಕೆಲವೇ ವಾರಗಳಲ್ಲಿ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಗುರುವಾರದ ಸಂಜೆ ಒಂದು ಸಭೆ ಸೇರತೊಡಗಿತು. ಪಕ್ಕದ ಮನೆಯ ದರ್ಜಿ ಚಾಚಾ ಒಬ್ಬರು. ಅವರ ಮನೆತನ ಆ ಓಣಿಯಲ್ಲಿ ನಮ್ಮ ಮನೆತನಕ್ಕಿಂತ ಹಳೆಯದು. ವಾಡಿ ಜಂಕ್ಷನ್ನಿನಲ್ಲಿ ಟಿಕೆಟ್ ಕಲೆಕ್ಟರ್ ಆಗಿ ನಿವೃತ್ತರಾಗಿದ್ದ ಹಿರಿಯರು ಇನ್ನೊಬ್ಬರು. ಮೂರನೆಯವರು ಕಿರಾಣಿ ಅಂಗಡಿಯ ಸಾಹುಕಾರರು. ಇವರ ಮುಂದೆ ನಮ್ಮವರು ನಿಯಮ ಹೇಳಿದರು. ಯಾವುದೇ ಸಮಸ್ಯೆ ಬಂದರೂ ತಪ್ಪು ಯಾರದೆಂದು ಹುಡುಕಬಾರದು. 'ಹಣೀಬರಹ' ಎನ್ನಬಾರದು. 'ಹಿಂದಿನಿಂದ ನಡಕೊಂಡ ಬಂದದ' ಎಂದಂತೂ ಅನ್ನಲೇಬಾರದು. ಈ ಎರಡು ಮಾತು ಬಿಟ್ಟರೆ ಏನು ಮಾತಾಡುವುದು ಎಂದು ತಿಳಿಯದೆ ಮೊದಲ ಗುರುವಾರ ಎಲ್ಲರೂ ಬಹಳ ಹೊತ್ತು ಸುಮ್ಮನೆ ಕೂತು ಚಹಾ ಕುಡಿದು ಹೋದರು. ಚಹಾ ಮಾಡಿದವಳು ನಾನು.

ಆಮೇಲೆ ಮಾತು ಹತ್ತಿತು. ಚಾಚಾನ ಸಮಸ್ಯೆ ಮೊದಲು ಬಂತು. ರಮಜಾನ್ ಇರಲಿ, ಯುಗಾದಿ ಇರಲಿ, ಹೊಲಿಸಲು ಕೊಟ್ಟವರೆಲ್ಲ ಹಬ್ಬದ ಹಿಂದಿನ ದಿನವೇ ಬಂದು ಅಂಗಿ ಕೊಡಿ ಎಂದು ಕೂರುತ್ತಿದ್ದರು. ಆ ಒಂದು ದಿನ ಚಾಚಾ ಊಟ ನೀರು ಬಿಟ್ಟು ಬೈಸಿಕೊಳ್ಳಬೇಕಾಗುತ್ತಿತ್ತು. ಸಭೆ ವಿಚಾರ ಮಾಡಿತು. ಒಬ್ಬೊಬ್ಬರಿಗೆ ಒಂದೊಂದು ದಿನ ಗೊತ್ತು ಮಾಡಿ ಹೇಳಬೇಕೆಂದು ತೀರ್ಮಾನವಾಯಿತು. ಚಾಚಾ ಹಾಗೆಯೇ ಮಾಡಿದರು. ಜನ ತಮ್ಮ ತಮ್ಮ ದಿನಕ್ಕೆ ಬಂದರು, ಅಂಗಿ ಆಗಿರಲಿಲ್ಲ, ಬೈದು ಹೋದರು. ಮೊದಲು ಒಂದೇ ದಿನ ನಡೆಯುತ್ತಿದ್ದ ಬೈಗುಳ ಈಗ ತಿಂಗಳಿಡೀ ನಡೆಯಿತು. ನಮ್ಮವರು ಇದನ್ನು ಸೋಲು ಎಂದು ಒಪ್ಪಲಿಲ್ಲ. ಬೈಗುಳ ಹಂಚಿಹೋದದ್ದರಿಂದ ಒಂದೊಂದು ದಿನದ ಪಾಲು ಕಡಿಮೆಯಾಗಿದೆ ಎಂದು ತೋರಿಸಿಕೊಟ್ಟರು. ಚಾಚಾ ಸ್ವಲ್ಪ ಯೋಚಿಸಿ, ಅದು ಖರೆ ಎಂದು ಒಪ್ಪಿಕೊಂಡರು.

ಊರಿನ ಸಮಸ್ಯೆಗಳು ಹೀಗೆ ಒಂದೊಂದಾಗಿ ಕಟ್ಟೆಗೆ ಬರುತ್ತಿರುವಾಗ, ಕಟ್ಟೆಯ ಹಿಂದಿನ ಬಾಗಿಲು ದಾಟಿದರೆ ಸಿಗುವ ಸಮಸ್ಯೆ ಮಾತ್ರ ಹಾಗೆಯೇ ಇತ್ತು. ನಮ್ಮ ಮನೆಯಲ್ಲಿ ಇಬ್ಬರು ಹಿರಿಯ ಹೆಣ್ಣುಮಕ್ಕಳಿದ್ದರು. ಒಬ್ಬರು ನಮ್ಮತ್ತೆ. ಇನ್ನೊಬ್ಬರು ಮಾವನವರ ಅಣ್ಣನ ಹೆಂಡತಿ. ಅವರನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಒಂದೇ ಮನೆ, ಒಂದೇ ಅಡಿಗೆಮನೆ, ಒಂದೇ ಒಲೆ. ಆದರೆ ನಾನು ಆ ಮನೆಗೆ ಕಾಲಿಡುವ ಎಷ್ಟೋ ಮೊದಲೇ ಅವರಿಬ್ಬರು ಮಾತು ಬಿಟ್ಟಿದ್ದರು.

ಕಾರಣ ಕೇಳಿದರೆ ಇಬ್ಬರದೂ ಬೇರೆ ಬೇರೆ ಕಥೆ. ನಮ್ಮ ಮನೆಯವರ ಅಕ್ಕ ಬಸುರಿಯಾದಾಗ ಮಾಡಿದ ಕುಬಸದ ದಿನ ಮೊದಲ ಆರತಿ ಎತ್ತಬೇಕಾದವಳು ತಾನು, ತನ್ನ ಕೈಯಿಂದ ತಟ್ಟೆ ಕಿತ್ತುಕೊಂಡರು ಎಂದು ಇಬ್ಬರೂ ಹೇಳುತ್ತಿದ್ದರು. ತಟ್ಟೆ ಒಂದೇ ಇದ್ದದ್ದು ಮಾತ್ರ ಎರಡೂ ಕಥೆಗಳಲ್ಲಿ ನಿಜ. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ದೊಡ್ಡತ್ತೆ ಪಲ್ಯ, ಬೇಳೆ ನೋಡುತ್ತಿದ್ದರು. ಒಂದೇ ಒಲೆಯ ಎರಡು ಬದಿಗೆ ಕೂತು, ನಡುವೆ ನಾನಿದ್ದೇನೆಂಬ ಧೈರ್ಯದಿಂದ ಮಾತಾಡುತ್ತಿದ್ದರು. ಹಿಟ್ಟು ತೀರುತ್ತ ಬಂದಿದೆ ಎಂದು ಹೇಳು ಎನ್ನುತ್ತಿದ್ದರು ಅತ್ತೆ. ನಾನು ಬಾಯಿ ತೆರೆಯುವ ಮೊದಲೇ, ನಾಳೆ ಬೀಸಲು ಕೊಡುತ್ತೇನೆಂದು ಹೇಳು ಎನ್ನುತ್ತಿದ್ದರು ದೊಡ್ಡತ್ತೆ. ಆದರೂ ನಾನು ಹೇಳಲೇಬೇಕಿತ್ತು. ಹೇಳದಿದ್ದರೆ ಇಬ್ಬರಿಗೂ ಆ ಮಾತು ಕೇಳಿಸುತ್ತಿರಲಿಲ್ಲ.

ನಮ್ಮವರು ಒಮ್ಮೆ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ, ನಿಮ್ಮ ಸಮಸ್ಯೆ ಏನು, ವಿಚಾರ ಮಾಡೋಣ ಎಂದರು. ಇಬ್ಬರೂ ಒಂದೇ ದನಿಯಲ್ಲಿ ತಮಗೆ ಯಾವ ಸಮಸ್ಯೆಯೂ ಇಲ್ಲ ಎಂದರು. ಸಮಸ್ಯೆ ಇದೆ ಎಂದು ಒಪ್ಪದವರಿಗೆ ಏನು ಮಾಡಬೇಕೆಂದು ಆ ಉಪನ್ಯಾಸಕರು ಹೇಳಿರಲಿಲ್ಲವೋ, ಇವರೇ ಆ ಹೊತ್ತಿನಲ್ಲಿ ನಿದ್ದೆ ಮಾಡಿದ್ದರೋ, ಅಂತೂ ನಮ್ಮವರು ಆ ವಿಷಯವನ್ನು ಅಲ್ಲಿಗೇ ಬಿಟ್ಟರು.

ಅವರ ಕಣ್ಣು ಆಮೇಲೆ ಒಲೆಯ ಮೇಲೆ ಬಿತ್ತು. ನಮ್ಮ ಕಡೆ ಉರುವಲು ಎಂದರೆ ತೊಗರಿ ಕಟ್ಟಿಗೆ, ಸಗಣಿಯ ಕುಳ್ಳು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದರೆ ಅಡಿಗೆಮನೆಯಲ್ಲಿ ಯಾರಿದ್ದಾರೆ ಎಂಬುದು ಕೆಮ್ಮಿನಿಂದ ತಿಳಿಯಬೇಕಿತ್ತು. ಅತ್ತೆಯ ಕಣ್ಣು ಸದಾ ಕೆಂಪು. ಹೊಗೆಯಿಲ್ಲದ ಒಲೆ ಕಟ್ಟುತ್ತೇನೆಂದು ನಮ್ಮವರು ಸಭೆಯಲ್ಲಿ ಘೋಷಿಸಿದರು. ಶಹಾಬಾದಿಗೆ ಹೋಗಿ ಕಲ್ಲಿನ ಗಣಿಯ ಹತ್ತಿರ ಬಿದ್ದಿದ್ದ ಫರ್ಸಿ ಚಪ್ಪಡಿಯ ತುಂಡುಗಳನ್ನು ಆರಿಸಿ ತಂದರು. ಎಲ್ಲಿಂದಲೋ ಒಂದು ಸಿಮೆಂಟಿನ ಕೊಳವೆಯೂ ಸಿಕ್ಕಿತು. ಅದು ಬಸ್ಸಿನ ಮೇಲೆ ಸೇಡಂವರೆಗೆ ಬಂದಾಗ ಕಂಡಕ್ಟರನು ಇದು ಲಗೇಜೋ ಪ್ಯಾಸೆಂಜರೋ ಎಂದು ಕೇಳಿದನಂತೆ.

ದಸರೆಯ ರಜೆ ಪೂರ್ತಿ ನಮ್ಮವರು ಮಣ್ಣು ಕಲಸಿದರು. ಹಳೆಯ ಒಲೆ ಒಡೆದು ಅದರ ಜಾಗದಲ್ಲಿ ಎತ್ತರದ, ಅಗಲವಾದ, ಎಲ್ಲ ಕಡೆಯಿಂದ ಮುಚ್ಚಿದ ಒಲೆ ಎದ್ದಿತು. ಕಟ್ಟಿಗೆ ಹಾಕಲು ಚಿಕ್ಕ ಬಾಯಿ, ರೊಟ್ಟಿಯ ಹಂಚು ಇಡಲು ಒಂದು ತೂತು, ಗಡಿಗೆ ಇಡಲು ಇನ್ನೊಂದು, ಹಿಂದಿನಿಂದ ಗೋಡೆ ದಾಟಿ ಮೇಲೆ ಹೋದ ಕೊಳವೆ. ಮುಗಿದ ದಿನ ಸಭೆಯ ಸದಸ್ಯರನ್ನೆಲ್ಲ ಅಡಿಗೆಮನೆಯೊಳಗೆ ಕರೆದು ಹಾಲು ಕಾಸಿ ತೋರಿಸಿದರು. ಹೊಗೆ ನಿಜವಾಗಿಯೂ ಕೊಳವೆಯಲ್ಲಿ ಹೋಯಿತು. ಎಲ್ಲರೂ ಹೊರಗೆ ಓಡಿಹೋಗಿ ಕತ್ತೆತ್ತಿ ಅದನ್ನು ನೋಡಿದರು. ಆ ದಿನ ನಮ್ಮವರ ಮುಖ ನೋಡಿ ನನಗೂ ಹೆಮ್ಮೆಯೆನಿಸಿತು. ಈಗಲೂ ಆ ಮುಖ ನೆನಪಿದೆ.

ಮರುದಿನ ಮುಂಜಾನೆ ಅತ್ತೆ ರೊಟ್ಟಿಗೆ ಕೂತರು. ಜೋಳದ ರೊಟ್ಟಿ ಹಂಚಿನ ಮೇಲೆ ಬೆಂದರಷ್ಟೇ ಸಾಲದು. ತೆಗೆದು ಒಲೆಯ ಬಾಯಿಗೆ ಕೆಂಡದೆದುರು ಒರಗಿಸಿ ನಿಲ್ಲಿಸಬೇಕು, ಆಗ ಅದು ಉಬ್ಬುತ್ತದೆ. ಹೊಸ ಒಲೆಯ ಬಾಯಿ ಅಂಗೈಯಗಲ. ಕೆಂಡವೆಲ್ಲ ಒಳಗೆ. ರೊಟ್ಟಿ ಒರಗಿಸುವುದು ಎಲ್ಲಿ? ತೊಗರಿ ಕಟ್ಟಿಗೆಯಂತೂ ಉದ್ದುದ್ದ. ಮುರಿದು ಮುರಿದು ತುಂಬಿದರೂ ಬಾಯಿಯೊಳಗೆ ಸೇರದೆ ಹೊರಗೆ ಬಿದ್ದು ಉರಿಯುತ್ತಿತ್ತು. ಮೊದಲ ರೊಟ್ಟಿ ಚಪ್ಪಟೆಯಾಗಿ ಉಳಿಯಿತು. ಎರಡನೆಯದು ಸೀದು ಹೋಯಿತು. ನಮ್ಮವರು ಅದನ್ನೇ ಮೊಸರಿನಲ್ಲಿ ಅದ್ದಿ ತಿಂದು, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಹೇಳಿ ಶಾಲೆಗೆ ಹೋದರು.

ಅತ್ತೆ ಇನ್ನೊಂದು ರೊಟ್ಟಿ ಬಡಿದರು. ಅದೂ ಉಬ್ಬಲಿಲ್ಲ. ದೊಡ್ಡತ್ತೆ ತಮ್ಮ ಮೂಲೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದವರು ಮೊರ ಕೆಳಗಿಟ್ಟು, ನನ್ನ ಕಡೆ ತಿರುಗದೆ, ನೇರವಾಗಿ ಹೇಳಿದರು.

“ಒಲಿ ಮುಂದಿನದು ಒಡದು ಹಾಕು.”

ನಾನು ರೂಢಿಯ ಪ್ರಕಾರ ಆ ಮಾತನ್ನು ಅತ್ತೆಗೆ ದಾಟಿಸಲು ಬಾಯಿ ತೆರೆದೆ. ಅತ್ತೆ ಹಿಟ್ಟಿನ ಕೈ ಎತ್ತಿ ನನ್ನನ್ನು ತಡೆದರು.

“ಒಡದ್ರ ನಿನ್ನ ಮಗ ಏನಂತಾನ?” ಎಂದರು.

“ನನ್ನ ಮಗ ಹೆಂಗಾದ? ಹಡದಾಕಿ ನೀ.”

“ಹಡದಾಕಿ ನಾನೇ. ಎತ್ತಿ ಆಡಿಸಿ, ಕೇಳಿದ್ದೆಲ್ಲಾ ಕೊಟ್ಟು ಕೆಡಿಸಿದಾಕಿ ನೀ.”

ಎಷ್ಟೋ ವರ್ಷಗಳ ನಂತರ ಆಡಿದ ಮೊದಲ ಮಾತಿನಲ್ಲೇ ಜಗಳ ಮತ್ತೆ ಶುರುವಾಯಿತೆಂದು ಹೆದರಿದೆ. ಆದರೆ ದೊಡ್ಡತ್ತೆ ನಕ್ಕರು. ಎದ್ದು ಹಿತ್ತಲಿಗೆ ಹೋಗಿ ಕುಳ್ಳು ಒಡೆಯುವ ಕಲ್ಲು ತಂದರು. ಅತ್ತೆ ಹಂಚು ಕೆಳಗಿಳಿಸಿದರು. ಇಬ್ಬರೂ ಸೇರಿ ರಜೆ ಪೂರ್ತಿ ಕಟ್ಟಿದ್ದ ಒಲೆಯ ಮುಂಭಾಗವನ್ನು ಒಡೆದರು. ಎಷ್ಟು ಒಡೆಯಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ ಇರಲಿಲ್ಲ. ಒಬ್ಬರು ಇನ್ನಿಷ್ಟು ಎಂದರೆ ಇನ್ನೊಬ್ಬರು ಸಾಕು ಎನ್ನುತ್ತಿದ್ದರು. ಆ ವಾದ ಮಧ್ಯಾಹ್ನದವರೆಗೆ ನಡೆಯಿತು, ಒಡೆದದ್ದನ್ನು ಮತ್ತೆ ಮೆತ್ತಿದ್ದೂ ಆಯಿತು. ಕೊನೆಗೆ ರೊಟ್ಟಿ ಉಬ್ಬಿತು. ಹೊಗೆ ಅರ್ಧ ಕೊಳವೆಯಲ್ಲಿ ಹೋಯಿತು, ಅರ್ಧ ಮನೆಯೊಳಗೆ ಬಂತು.

ಸಂಜೆ ನಮ್ಮವರು ಬಂದಾಗ ಇಬ್ಬರೂ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು, ನಮ್ಮವರು ಚಿಕ್ಕವರಿದ್ದಾಗ ಬಾವಿಗೆ ಹಗ್ಗದ ಬದಲು ಅತ್ತೆಯ ಸೀರೆ ಇಳಿಬಿಟ್ಟ ಕಥೆ ಹೇಳಿಕೊಂಡು ನಗುತ್ತಿದ್ದರು. ನಮ್ಮವರು ಚೀಲವನ್ನೂ ಕೆಳಗಿಡದೆ ನಿಂತು ನೋಡಿದರು. ಆಮೇಲೆ ಅಡಿಗೆಮನೆಗೆ ಹೋಗಿ ಒಲೆಯನ್ನು ನೋಡಿದರು. ಹೊರಗೆ ಬಂದು ಮತ್ತೆ ಅವರಿಬ್ಬರನ್ನು ನೋಡಿದರು. ಆ ರಾತ್ರಿ ಊಟ ಹೆಚ್ಚು ಸೇರಲಿಲ್ಲ ಅವರಿಗೆ, ಆದರೆ ಅದು ಸಂತೋಷದಿಂದ.

ಮುಂದಿನ ಗುರುವಾರ ಅವರು ಇದನ್ನು ಹೊಸ ವಿಚಾರದ ದೊಡ್ಡ ಗೆಲುವೆಂದು ಸಭೆಯ ಮುಂದಿಟ್ಟರು. ಚಾಚಾ ಎಲ್ಲ ಕೇಳಿ, ಒಲೆ ಕಟ್ಟಿದ್ದು ಹೊಗೆಗಲ್ಲವೇ ಎಂದು ವಿನಯದಿಂದ ಕೇಳಿದರು. ಹೌದು ಎಂದರು ನಮ್ಮವರು. ಹೊಗೆ ಇನ್ನೂ ಇದೆಯಲ್ಲವೇ? ಅರ್ಧ ಇದೆ. ಮತ್ತೆ ಅವರು ಮಾತಾಡಿದ್ದು ನಿಮ್ಮ ಒಲೆಯನ್ನು ಒಡೆಯುವ ಸಲುವಾಗಿ ಅಲ್ಲವೇ? ನಮ್ಮವರು ಅದಕ್ಕೂ ಹೌದೆಂದರು. ಪರಿಹಾರ ಯಾವ ಬಾಗಿಲಿನಿಂದ ಬಂದರೂ ಒಳಗೆ ಬಿಟ್ಟುಕೊಳ್ಳಬೇಕು ಎಂದರು. ಆಗ ಚಾಚಾ ಮೆಲ್ಲಗೆ ತಮ್ಮ ಮಾತು ಹೇಳಿದರು.

“ಮಾಸ್ತರ್ ಸಾಬ್, ಉಳಿದ ಅರ್ಧ ಹೊಗಿ ನನ್ನ ಅಂಗಳಕ್ಕ ಬರ್ಲಿಕತ್ತದ್ರಿ. ನಿನ್ನೆ ಒಣಾಕಿದ ಬಿಳಿ ಪೈಜಾಮಾ ಇವತ್ತ ಕಂದು ಆಗ್ಯಾವ.”

ಕೊಳವೆಯನ್ನು ಇನ್ನೂ ಎತ್ತರಕ್ಕೆ ಏರಿಸಬೇಕಾಯಿತು. ಅದಕ್ಕೆ ಇನ್ನೊಮ್ಮೆ ಶಹಾಬಾದಿಗೆ ಹೋಗಿ ಬಂದರು. ಆಮೇಲೆ ಹೊಗೆ ಚಾಚಾನ ಅಂಗಳ ದಾಟಿ ಎಲ್ಲಿ ಇಳಿಯುತ್ತಿತ್ತೋ, ಅಲ್ಲಿಯವರು ಸಭೆಯ ಸದಸ್ಯರಾಗಿರಲಿಲ್ಲವಾದ್ದರಿಂದ ನಮಗೆ ತಿಳಿಯಲಿಲ್ಲ.

ಇಲ್ಲಿಗೆ ಎಲ್ಲರಿಗೂ ಒಳ್ಳೆಯದಾಯಿತು, ನನ್ನೊಬ್ಬಳನ್ನು ಬಿಟ್ಟು. ಅವರಿಬ್ಬರು ಮಾತು ಬಿಟ್ಟಿದ್ದಾಗ ಆ ಮನೆಯಲ್ಲಿ ನನ್ನ ಸ್ಥಾನ ಎಂಥದಿತ್ತೆಂದು ನನಗೆ ಆಗ ತಿಳಿದಿರಲಿಲ್ಲ. ನನ್ನನ್ನು ತಮ್ಮ ಕಡೆ ಇಟ್ಟುಕೊಳ್ಳಬೇಕೆಂದು ಅತ್ತೆ ನನಗಾಗಿ ಹಾಲಿನ ಕೆನೆ ತೆಗೆದಿಡುತ್ತಿದ್ದರು. ಅದು ಗೊತ್ತಾಗಿ ದೊಡ್ಡತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಮಧ್ಯಾಹ್ನ ನಾನು ಪುಸ್ತಕ ಹಿಡಿದು ಕೂತರೆ ಒಬ್ಬರು ಬೈಯಲು ಹೋದಾಗ ಇನ್ನೊಬ್ಬರು ಗೋಡೆಗೆ ಹೇಳುವಂತೆ, ಓದಿದರೆ ಓದಲಿ ಎನ್ನುತ್ತಿದ್ದರು. ಈಗ ಕೆನೆ ನಿಂತಿತು, ಎಣ್ಣೆ ನಿಂತಿತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ನನ್ನನ್ನು ನೋಡತೊಡಗಿದರು. ನನ್ನ ರೊಟ್ಟಿಯ ಅಂಚು ದಪ್ಪ, ನನ್ನ ರಂಗೋಲಿ ಸೊಟ್ಟ, ನಾನು ಬೇಗ ಬೇಗ ನಡೆಯುತ್ತೇನೆ ಎಂದು ಇಬ್ಬರಿಗೂ ಒಟ್ಟಿಗೆ ಕಾಣಿಸಿತು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು ಹೊರಬಿತ್ತು. ನಾನು ಮಾತು ದಾಟಿಸುವಾಗ ಸ್ವಲ್ಪ ಬೆಲ್ಲ ಹಚ್ಚುತ್ತಿದ್ದೆ. ಅತ್ತೆ ನಿಮ್ಮ ಪಲ್ಯ ಬಹಳ ಚೆನ್ನಾಗಿದೆ ಎಂದರು, ದೊಡ್ಡತ್ತೆ ನಿಮ್ಮ ಕಣ್ಣಿನ ಬಗ್ಗೆ ಕೇಳಿದರು ಎಂದೆಲ್ಲ ಹೇಳಿ ಮನೆಯನ್ನು ತಂಪಾಗಿ ಇಟ್ಟಿದ್ದೆ. ಈಗ ಅವರು ಹಳೆಯ ಮಾತುಗಳನ್ನು ತಾಳೆ ನೋಡಿದರು. ಪಲ್ಯದ ಬಗ್ಗೆ ತಾನು ಹಾಗೆ ಎಂದೇ ಇಲ್ಲ ಎಂದು ಅತ್ತೆ ಹೇಳಿದರು. ಅವಳ ಕಣ್ಣಿನ ಗೊಡವೆ ತನಗೇಕೆ ಎಂದರು ದೊಡ್ಡತ್ತೆ. ಇಬ್ಬರೂ ನನ್ನ ಕಡೆ ತಿರುಗಿ, ಎಲ್ಲವೂ ಇವಳೇ ಹೆಣೆದದ್ದು ಎಂದು ತೀರ್ಪು ಕೊಟ್ಟರು. ಅಷ್ಟು ದಿನ ಮನೆಯನ್ನು ಒಡೆಯದಂತೆ ಹಿಡಿದದ್ದಕ್ಕೆ ನನಗೆ ಸಿಕ್ಕ ಹೆಸರು ಚಾಡಿಕೋರಳು.

ಆ ಚಳಿಗಾಲ ನಾನು ಬಹಳ ಕುಗ್ಗಿದೆ. ನಮ್ಮವರಿಗೆ ಹೇಳಿದರೆ, ಅವರು ಕಣ್ಣರಳಿಸಿ ಇದು ಮೊದಲಿನದಕ್ಕಿಂತ ಒಳ್ಳೆಯ ಸಮಸ್ಯೆ ಎಂದರು. ಮಾತಿಲ್ಲದ ಮನೆಗಿಂತ ಮಾತು ಹೆಚ್ಚಾದ ಮನೆ ಮೇಲಲ್ಲವೇ ಎಂದು ಕೇಳಿದರು. ಯಾರಿಗೆ ಮೇಲು ಎಂದು ನಾನು ಕೇಳಿದೆ. ಅದಕ್ಕೆ ಅವರು ಗುರುವಾರ ಬಂದು ಹೇಳು ಎಂದುಬಿಟ್ಟರು. ತಮಾಷೆಗೆ ಹೇಳಿದ್ದೋ ಏನೋ. ನಾನು ಹೋಗಿಯೇಬಿಟ್ಟೆ.

ಆ ಗುರುವಾರ ಚಹಾ ಕೊಟ್ಟು ಒಳಗೆ ಹೋಗದೆ ಬಾಗಿಲ ಬಳಿಯೇ ನಿಂತೆ. ನನ್ನದೊಂದು ಸಮಸ್ಯೆ ಇದೆ ಎಂದೆ. ಹೆಣ್ಣುಮಕ್ಕಳು ಸಭೆಯಲ್ಲಿ ಮಾತಾಡಬಾರದೆಂದು ನಿಯಮ ಇರಲಿಲ್ಲ. ಆ ನಿಯಮದ ಅಗತ್ಯ ಬರಬಹುದೆಂದು ಯಾರಿಗೂ ತೋಚಿರಲಿಲ್ಲ. ತಪ್ಪು ಯಾರದೆಂದು ಹುಡುಕದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಟಿಕೆಟ್ ಕಲೆಕ್ಟರ್ ಹಿರಿಯರು ರೈಲ್ವೆಯಲ್ಲಿರುವಂತೆ ಪಾಳಿ ಮಾಡಿ, ಮುಂಜಾನೆ ಒಬ್ಬ ಅತ್ತೆ, ಸಂಜೆ ಒಬ್ಬ ಅತ್ತೆ ಬೈಯುವಂತೆ ಗೊತ್ತುಮಾಡಬಹುದು ಎಂದರು. ಸಾಹುಕಾರರು ಮನೆಗೊಂದು ರೇಡಿಯೋ ತರುವುದು ಒಳ್ಳೆಯದೆಂದರು. ಎರಡನ್ನೂ ನಮ್ಮವರು ಗಂಭೀರವಾಗಿ ಚರ್ಚಿಸಿದರು. ಚಾಚಾ ಮಾತ್ರ ಚಹಾದ ಕಪ್ಪು ಬಸಿ ಕೆಳಗಿಟ್ಟು ನನ್ನನ್ನು ನೋಡಿದರು.

“ಬೇಟಿ, ಅವರದೆಲ್ಲಾ ಹೇಳ್ದಿ. ನಿನಗೇನ್ ಬೇಕಾಗ್ಯದ, ಅದು ಹೇಳಲೇ ಇಲ್ಲ.”

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಚಿತ್ತಾಪುರದ ನನ್ನ ತವರಿನಲ್ಲಿ ಮೆಟ್ರಿಕ್ ಮುಗಿಸಿದ ಹೆಣ್ಣುಮಗಳು ನಾನೊಬ್ಬಳೇ. ಪಾಸಾದ ಸುದ್ದಿ ಬಂದ ವಾರದಲ್ಲೇ ಮದುವೆ ಗೊತ್ತಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತವಳ ಬಾಯಿಂದ ಮಾತು ತಾನಾಗಿಯೇ ಬಂತು.

“ಮಾಸ್ತರಕಿ ಟ್ರೇನಿಂಗ್ ಮಾಡಬೇಕಂತ ಅದರಿ ಚಾಚಾ.”

ಮೊದಲು ಮಾತಾಡಿದವರು ನಮ್ಮವರೇ.

“ಅದ್ಹೆಂಗ ಆಗ್ತದ? ಮನಿ ಯಾರು ನೋಡ್ತಾರ? ನಮ್ಮ ಮನೀ ಹೆಣ್ಮಕ್ಕಳು ಹೊರಗ ಹೋಗಿ ದುಡಿಯೂದು… ಹಿಂದಿನಿಂದ ನಡಕೊಂಡ ಬಂದದ್ದು ಅಂತ ಒಂದ್ ಇರ್ತದಲ್ಲ.”

ಆಡಿದ ಮೇಲೆ ಅವರಿಗೇ ಕೇಳಿಸಿತು. ಸಾಹುಕಾರರು ಎದುರಿನ ಬೇವಿನ ಮರವನ್ನು ನೋಡಿದರು. ಟಿಕೆಟ್ ಕಲೆಕ್ಟರ್ ಹಿರಿಯರು ಕನ್ನಡಕ ಒರೆಸಿಕೊಂಡರು. ಚಾಚಾ ಖಾಲಿ ಕಪ್ಪನ್ನು ಎತ್ತಿ ಇನ್ನೊಮ್ಮೆ ಕುಡಿದರು. ನಾನು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದೆ.

ನಮ್ಮವರು ಕೆಲವು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ, ನಾಚಿಕೆಯಿಂದ ಎಂದು ನನಗೆ ತಿಳಿಯುತ್ತಿತ್ತು. ಮನುಷ್ಯನಿಗೆ ಬರುವ ಎಲ್ಲ ತೊಂದರೆಗೂ ಪರಿಹಾರ ಇದೆ ಎಂದು ನಂಬಿದವರಿಗೆ, ಆ ಪರಿಹಾರ ತಮ್ಮ ಊಟದ ಹೊತ್ತನ್ನು ಏರುಪೇರು ಮಾಡಬಹುದೆಂದು ಹೊಳೆದಿರಲಿಲ್ಲ. ಇತ್ತ ಅತ್ತೆಯಂದಿರಿಗೆ ಸುದ್ದಿ ಮುಟ್ಟಿತ್ತು. ಕಟ್ಟೆಯ ಮಾತು ಕೇಳಲು ಅಡಿಗೆಮನೆಯ ಕಿಟಕಿ ಸಾಕಾಗಿತ್ತು. ಇಬ್ಬರೂ ಸೇರಿ ಇನ್ನೇನು ಅನ್ನುತ್ತಾರೋ ಎಂದು ನಾನು ಅಂಜಿಕೊಂಡೇ ಓಡಾಡುತ್ತಿದ್ದೆ.

ಒಂದು ದಿನ ನಮ್ಮವರು ಊಟಕ್ಕೆ ಕೂತಾಗ ದೊಡ್ಡತ್ತೆಯೇ ಮಾತು ತೆಗೆದರು.

“ಆಕಿನ್ನ ಕಳಸಪ್ಪ. ಕಲೀಲಿ.”

ನಮ್ಮವರು ತುತ್ತು ಹಿಡಿದು ಹಾಗೆಯೇ ಕೂತರು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಉಳಿದದ್ದನ್ನು ಹೇಳಿದರು.

“ನೀ ಕಟ್ಟಿದ ಒಲಿ ಅರ್ಧ ಮನಿ ತಿಂದದ. ಅದರ ಮುಂದ ಇಬ್ರು ಕುಂದ್ರಬಹುದು, ಮೂರು ಮಂದಿಗಿ ಜಾಗ ಸಾಲಂಗಿಲ್ಲ.”

ಅದು ನನ್ನ ಮೇಲಿನ ಅಕ್ಕರೆಯೋ, ಅಡಿಗೆಮನೆ ತಮ್ಮಿಬ್ಬರಿಗೇ ಇರಲೆಂಬ ಆಸೆಯೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ನಾನು ಆಗ ವಿಚಾರಿಸಲೂ ಇಲ್ಲ. ನಮ್ಮವರು ಊಟ ಮುಗಿಸಿ ಕೈ ತೊಳೆದು, ಅರ್ಜಿ ತರುತ್ತೇನೆಂದರು.

ಕಲಬುರ್ಗಿಯಲ್ಲಿ ನೆಂಟರ ಮನೆಯಲ್ಲಿದ್ದು ತರಬೇತಿ ಮುಗಿಸಿದೆ. ಆ ಹೊತ್ತಿಗೆ ರಾಜ್ಯದ ಹೆಸರು ಕರ್ನಾಟಕ ಎಂದಾಗಿತ್ತು. ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯ ತಗ್ಗುಗಳು ಹೆಸರು ಬದಲಿಸದೆ ಹಾಗೆಯೇ ಉಳಿದಿದ್ದವು. ನನಗೆ ವಾಡಿಯ ಒಂದು ಪ್ರಾಥಮಿಕ ಶಾಲೆಗೆ ನೇಮಕವಾಯಿತು. ಮುಂಜಾನೆ ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರ ದಾಟಿ ವಾಡಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುವುದು. ಗಾಡಿ ತಡವಾದ ದಿನ ಮನೆಯಲ್ಲಿ ಅತ್ತೆಯಂದಿರು ಒಟ್ಟಿಗೆ ನಮ್ಮವರನ್ನು ಬೈಯುತ್ತಿದ್ದರಂತೆ, ಸೊಸೆಯನ್ನು ಇಷ್ಟು ದೂರ ಕಳಿಸಿದ ಗಂಡಸು ಎಂದು.

ವಾಡಿಯಲ್ಲಿ ಗಿಡದ ಎಲೆಯ ಮೇಲೂ ಮಕ್ಕಳ ರೆಪ್ಪೆಯ ಮೇಲೂ ಸಿಮೆಂಟ್ ಕಾರ್ಖಾನೆಯ ಧೂಳು ಕೂತಿರುತ್ತಿತ್ತು. ನನ್ನ ತರಗತಿಯಲ್ಲಿ ತೆಲುಗು, ಮರಾಠಿ, ಉರ್ದು, ಕನ್ನಡ ಮಾತಾಡುವ ಮಕ್ಕಳು ನೆಲಕ್ಕೆ ಹಾಸಿದ ಒಂದೇ ಪಟ್ಟಿಯ ಮೇಲೆ ಕೂರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವುದೇ ಅರ್ಧ ಪಾಠ. ಆ ಕೆಲಸದಲ್ಲಿ ನನಗೆ ಹಿಂದಿನ ಅನುಭವ ಚೆನ್ನಾಗಿ ಒದಗಿತು. ಬೆಲ್ಲವನ್ನೂ ಧಾರಾಳವಾಗಿಯೇ ಬಳಸಿದೆ. ಮುಂದೆ ನನಗೆ ಮಕ್ಕಳಾದವು. ಅವನ್ನು ಅತ್ತೆಯಂದಿರಿಬ್ಬರೂ ಸಾಕಿದರು, ಹೇಗೆ ಸಾಕಬೇಕೆಂಬುದರ ಬಗ್ಗೆ ದಿನವೂ ಜಗಳವಾಡುತ್ತ. ಮಾತು ಬಿಡುವ ಜಗಳವಲ್ಲ ಅದು. ಮಾತು ಮುಂದುವರಿಸಲು ಆಡುವ ಜಗಳ.

ಹಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ದೊಡ್ಡತ್ತೆ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೇ. ಅತ್ತೆ ಅಳಲಿಲ್ಲ. ಬಂದವರನ್ನು ಮಾತಾಡಿಸಿದರು, ಮಾಡಬೇಕಾದದ್ದನ್ನು ಮಾಡಿಸಿದರು. ಎಲ್ಲ ಮುಗಿದ ಮೇಲೆ ಒಲೆಯ ತಮ್ಮ ಬದಿಗೆ ಕೂತು ರೊಟ್ಟಿ ಬಡಿಯುವಾಗ ನಡುನಡುವೆ ತಲೆಯೆತ್ತಿ ಇನ್ನೊಂದು ಬದಿಯನ್ನು ನೋಡುತ್ತಿದ್ದರು. ನಾನು ಒಮ್ಮೆ ಹೋಗಿ ಆ ಬದಿಗೆ ಕೂತೆ. ಏಳು ಎನ್ನಲಿಲ್ಲ, ಆದರೆ ಮಾತೂ ಆಡಲಿಲ್ಲ. ಮಾತು ಬಿಟ್ಟು ಕಳೆದ ಅಷ್ಟು ವರ್ಷಗಳನ್ನು ಅವರು ಎಣಿಸುತ್ತಿದ್ದರೇನೋ ಎಂದು ನನಗೆ ಅನಿಸುತ್ತಿತ್ತು.

ಸಭೆ ಆಗಲೂ ನಡೆಯುತ್ತಿತ್ತು. ಟಿಕೆಟ್ ಕಲೆಕ್ಟರ್ ಹಿರಿಯರು ಚಿಂಚೋಳಿಯ ಮಗಳ ಮನೆಗೆ ಹೋಗಿದ್ದರು, ಸಾಹುಕಾರರಿಗೆ ಮಂಡಿ ನೋವು. ಎಷ್ಟೋ ಗುರುವಾರ ನಮ್ಮವರು, ಚಾಚಾ ಇಬ್ಬರೇ ಕೂತಿರುತ್ತಿದ್ದರು. ಅಂಥ ಒಂದು ಸಂಜೆ ಓಣಿಯ ನಳಕ್ಕೆ ನೀರು ಬಿಡುವ ಹೊತ್ತಿನ ಬಗ್ಗೆ ಅವರು ವಿಚಾರ ಮಾಡುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು. ಆ ಸಭೆಯ ಕಡೆ ಅವರು ಅದುವರೆಗೆ ಎಂದೂ ಬಂದವರಲ್ಲ.

“ನಿಮ್ಮ ಹತ್ತರ ಇದಕ್ಕೇನರೆ ವಿಚಾರ ಅದ ಏನಪ್ಪ?” ಎಂದು ಮಗನನ್ನು ಕೇಳಿದರು.

ಯಾವುದಕ್ಕೆ ಎಂದು ನಮ್ಮವರು ಕೇಳಲಿಲ್ಲ. ಉಪನ್ಯಾಸ ಕೊಡಲಿಲ್ಲ. ತಾಯಿಯ ಮುಖ ನೋಡಿ ಹೇಳಿದರು.

“ಇನ್ನಾ ಸಿಕ್ಕಿಲ್ಲವ್ವ. ಹುಡುಕ್ಲಿಕತ್ತೀವಿ.”

ಅವರು ಅದನ್ನು ಸಮಾಧಾನಕ್ಕೆಂದು ಹೇಳಲಿಲ್ಲ, ನಂಬಿಯೇ ಹೇಳಿದರು. ಇಷ್ಟು ವರ್ಷ ಆ ನಂಬಿಕೆಯನ್ನು ನೋಡಿ ಒಳಗೊಳಗೇ ನಕ್ಕವಳು ನಾನು. ಆ ಹೊತ್ತು ನಗು ಬರಲಿಲ್ಲ. ಚಾಚಾ ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟು, ಕುಂದ್ರಿ ಅಕ್ಕಾ ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ನಾನು ಚಹಾ ತಂದುಕೊಟ್ಟೆ. ಅರ್ಧ ಕಪ್ಪು ಕುಡಿದ ಮೇಲೆ ಅತ್ತೆ, ನಳದ್ದು ಏನು ಮಾತಾಡುತ್ತಿದ್ದಿರಿ ಎಂದು ಕೇಳಿದರು. ನಮ್ಮವರು ಉತ್ಸಾಹದಿಂದ ತಮ್ಮ ಹೊಸ ಯೋಜನೆ ವಿವರಿಸಿದರು. ಅತ್ತೆ ಪೂರ್ತಿ ಕೇಳಿ, ಹಾಗೆ ಮಾಡಿದರೆ ಓಣಿಯ ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ನಮ್ಮ ಮನೆಗೇ ಬರುತ್ತಾರೆ ಎಂದರು. ನಮ್ಮವರು ಯಾಕೆ ಎಂದು ಕೇಳಿದರು, ಅತ್ತೆ ಹೇಳತೊಡಗಿದರು. ಆ ವಾದ ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಮುಂದಿನ ಗುರುವಾರ ಚಾಚಾ ಬರುವುದಕ್ಕಿಂತ ಮೊದಲೇ ಅತ್ತೆ ಕಟ್ಟೆಯನ್ನು ಗುಡಿಸಿ, ಗೋಡೆಗೆ ಒರಗಿ ಕೂತಿದ್ದರು.